ಪ್ಲೇಟಿನ ಹಿಂಬದಿ

ಗುತ್ತಲು ರಸ್ತೆಯಲ್ಲಿ ಅಂಗಡಿ, ಆರಡಿಗೆ ಎಂಟಡಿ.
ಇಪ್ಪತ್ತೆಂಟು ವರ್ಷ ಕೆಎ ಹನ್ನೊಂದು ಬರೆದ ಕೈ ಇದು.
ಕಣ್ಣು ಮುಚ್ಚಿದರೂ ಒಂದರ ಪಕ್ಕ ಒಂದು
ನೆಟ್ಟಗೆ ನಿಲ್ಲಿಸುತ್ತೇನೆ, ಪೆರೇಡಿಗೆ ನಿಂತ ಹಾಗೆ.

ಕೇಳಿದ್ದನ್ನೆಲ್ಲ ಬರೆದಿದ್ದೇನೆ:
ತಾಯಿ ಆಶೀರ್ವಾದ, ಗೌಡ್ರ ಹುಡುಗ, ಪ್ರೆಸ್, ಪೊಲೀಸ್,
ಆಮೇಲೆ ಕೆಂಪಕ್ಷರದಲ್ಲಿ ಆರ್ಮಿ.
ಸೈಟು ಮಾರುವವನೊಬ್ಬ ಬಂದ, ಬಿಳಿ ಸ್ಕಾರ್ಪಿಯೋ,
"ದೊಡ್ಡದಾಗಿ ಬರಿ ಗುರು, ಟೋಲಲ್ಲಿ ಕಾಣ್ಬೇಕು" ಅಂದ.
ಯಾವ ರೆಜಿಮೆಂಟು ಸಾರ್ ಅಂದೆ.
"ಬಾಮೈದ ಎನ್‌ಸಿಸಿಲಿದ್ದ."
ಬರೆದೆ. ನಾನೂರು ರೂಪಾಯಿ.
ಸುಳ್ಳು ಯಾಕೆ, ಅವತ್ತು ಮನೆಗೆ ಮಟನ್ ತಂದೆ.

ಜವರಯ್ಯ ಬಂದದ್ದು ಒಂದು ಮಂಗಳವಾರ,
ಹೊಳಲಿನಿಂದ, ಟಿವಿಎಸ್ ಮೊಪೆಡ್ಡು, ಕಾಲ ಬಳಿ ಹಿಂಡಿ ಚೀಲ.
ಹದಿನೇಳು ವರ್ಷ ಪಟಾಲಮ್ಮಿನಲ್ಲಿ ಇದ್ದೋರು.
ಕೇಳುವ ಮುಂಚೆಯೇ ಕೆಂಪು ಡಬ್ಬಿ ಮುಚ್ಚಳ ಎತ್ತಿದೆ,
ಮಾಜಿ ಸೈನಿಕ ಅಂತ ಹಾಕ್ಲಾ, ನಿಮ್ಮ ಹತ್ರ ಕಾಸು ಬೇಡ.

"ಮುಂದ್ಗಡೆ ಏನೂ ಬ್ಯಾಡ ಕನಪ್ಪ.
ಪ್ಲೇಟು ಬಿಚ್ಚು. ಹಿಂದ್ಗಡೆ ಬರಿ.
ಚಕ್ರದ ಕಡೀಕೆ."

ಅಲ್ಲಿ ಯಾರು ನೋಡ್ತಾರೆ ಅಂದೆ.
ಕೆಸರು ನೋಡ್ತದೆ ಅಂದರು.

ನಾಕು, ಏಳು, ಸೊನ್ನೆ, ಎರಡು, ಆರು.
ನಿಮ್ಮ ಸರ್ವಿಸ್ ನಂಬರಾ? ಅಲ್ಲ.
ಜೊತೆಯವರದಾ?
"ಹ್ಞೂಂ. ಗೊರಸಿನ ಮ್ಯಾಲೆ ಕಾಯಿಸಿ ಒತ್ತಿದ್ರು."

ಹೇಸರಗತ್ತೆ. ಹೆಣ್ಣು.
ಮೇಲಿನ ಚೌಕಿಗೆ ಸೀಮೆಣ್ಣೆ, ಹಿಟ್ಟು, ಗುಂಡಿನ ಪೆಟ್ಟಿಗೆ,
ಇಳಿಯುವಾಗ ಒಂದೊಂದು ಸಲ ಮನುಷ್ಯರು, ಹಗ್ಗದಲ್ಲಿ ಕಟ್ಟಿ.
ರಜೆ ಮುಗಿಸಿ ಹೋಗುವಾಗ ಇವರ ಟ್ರಂಕಿನಲ್ಲಿ
ಎರಡಚ್ಚು ಬೆಲ್ಲ, ಅದಕ್ಕೇ ಅಂತ.
"ಮಂಡ್ಯದ್ ಬೆಲ್ಲದ ವಾಸ್ನೆಗೆ ಕಿವಿ ಹಿಂಗ್ ಮಾಡೋಳು"
ಎರಡು ಬೆರಳು ನೆತ್ತಿಗೆ ಹಿಡಿದು ತೋರಿಸಿದರು,
ಎಪ್ಪತ್ತರ ಮನುಷ್ಯ, ನನ್ನ ಸ್ಟೂಲಿನ ಮೇಲೆ.
ಹೇಗೆ ಹೋಯಿತು ಅಂತ ಕೇಳಲಿಲ್ಲ.
"ಕೆಳೀಕ್ ಬರೀ ಹಿಮ" ಅಂದರು. ಬೀಡಿ ಹಚ್ಚಲು
ಮೂರು ಕಡ್ಡಿ ಬೇಕಾಯಿತು.

ಕೆಂಪು ಮುಚ್ಚಿಟ್ಟೆ. ಬಿಳಿಯಲ್ಲಿ ಬರೆದೆ.
ಏಳು ಮಾತ್ರ ಸ್ವಲ್ಪ ವಾಲಿತು.

ಈಗ ಬರೆಯುವ ಕೆಲಸವೇ ಇಲ್ಲ.
ಅಂಕಿ ಒತ್ತಿ, ಲೇಸರ್ ಗುರುತು ಹಾಕಿ,
ಕವರಿನಲ್ಲಿ ಬರುತ್ತದೆ ಪ್ಲೇಟು. ನಾನು ಲಾಕು ಹೊಡೆಯುತ್ತೇನೆ,
ಠಕ್, ಐವತ್ತು ರೂಪಾಯಿ.
ಹಳೆಯವು ಮೂಲೆಯಲ್ಲಿ ರಾಶಿ, ಗುಜರಿಗೆ, ಕಿಲೋ ಲೆಕ್ಕ.
ಸ್ಕಾರ್ಪಿಯೋದ್ದೂ ಬಂತು. ಆರ್ಮಿ ಇನ್ನೂ ಹೊಳೆಯುತ್ತಿತ್ತು,
ಒಳ್ಳೇ ಬಣ್ಣ ಹಾಕಿದ್ದೆ.

ಹೋದ ತಿಂಗಳು ಅದೇ ಮೊಪೆಡ್ಡು.
ಮೊಮ್ಮಗಳು, ನರ್ಸಿಂಗ್ ಓದುವ ಹುಡುಗಿ.
"ಹಳೇದು ಎಸೀರಿ ಅಣ್ಣ, ತಾತನೇ ಇಲ್ಲ."
ತಿರುಗಿಸಿದೆ. ಹನ್ನೆರಡು ಮಳೆಗಾಲದ ನಾಲೆ ಏರಿ ಮಣ್ಣು,
ಉಗುರಿಗೆ ಬಗ್ಗಲಿಲ್ಲ.
ಸೀಮೆಣ್ಣೆ ಬಟ್ಟೆ ತಂದು ಉಜ್ಜಿದೆ.
ನಾಕು. ವಾಲಿದ ಏಳು.

"ಯಾವ ಗಾಡೀದಣ್ಣ ಇದು?"
ಗಾಡೀದಲ್ಲ ಕನವ್ವ, ಕೂತ್ಕೋ ಅಂದೆ.
ಕೇಳಿ ಮೊದಲು ನಕ್ಕಳು. ಆಮೇಲೆ,
"ಹೆಸರೇನಿತ್ತಂತೆ ಅದಕ್ಕೆ?"

ಅದೊಂದು ಕೇಳಿರಲಿಲ್ಲ ನಾನು.

ಟೊಮ್ಯಾಟೊ ಚೀಲದ ಮೇಲೆ ಇಟ್ಟುಕೊಂಡು ಹೋದಳು.
ಹೊಸ ಪ್ಲೇಟಿನ ಹಿಂಬದಿ ಬರೀ ಅಲ್ಯೂಮಿನಿಯಂ.
ಲಾಕು ಹೊಡೆಯುವ ಮುಂಚೆ ನೋಡಿದ್ದೆ.