ಮೈನಸ್ ಇಪ್ಪತ್ತೆರಡು

ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ ನನ್ನದು ಹಗಲುಪಾಳಿ.
ಮನೆಗೆ ಬಂದರೂ ಕಂಪ್ರೆಸರ್ ಕೆಳಗಿನ ಓಣಿಯಿಂದ
ಹಲ್ಲುನೋವಿನ ಹಾಗೆ ಮಿಡಿಯುತ್ತಲೇ ಇರುತ್ತದೆ.

ಸಾಫ್ಟ್‌ವೇರ್ ಇಳಿಯಲು ಮುಕ್ಕಾಲು ಗಂಟೆ.
ತೆರೆದೊಡನೆ ಕೇಳಿತು: ನಿನ್ನ ಕರೆಹೆಸರೇನು, ನಿನ್ನ ಚೌಕ ಯಾವುದು?
ಪರೀಕ್ಷೆ ಬರೆದು ಹದಿನಾಲ್ಕು ತಿಂಗಳು ಕಾದು ಪಡೆದ ಹೆಸರು,
ಒಂದೊಂದೇ ಅಕ್ಷರ ಒತ್ತಿದೆ,
ಹೊಸ ಚಪ್ಪಲಿ ಮೆಟ್ಟಿ ನಾಲ್ಕು ಹೆಜ್ಜೆ ನೋಡುವ ಹಾಗೆ.
ಚೌಕಕ್ಕೆ, ಎಂಕೆ ಎಪ್ಪತ್ನಾಲ್ಕು.
ಕಾಳಿ ಸೇತುವೆ, ಕೂರ್ಮಗಡ, ನೌಕಾನೆಲೆಯ ಬೇಲಿ,
ಅತ್ತ ಹೊನ್ನಾವರ, ಘಟ್ಟದ ಮೇಲಿನ ಶಿರಸಿ,
ನನ್ನ ಬಾಡಿಗೆ ಕೋಣೆ,
ಎಲ್ಲಕ್ಕೂ ಸೇರಿ ಅಷ್ಟೇ.

ಆಮೇಲೆ ಪೋರ್ಟ್ ಯಾವುದೆಂದಿತು.
ಬಂದರಿನ ಊರಲ್ಲಿ ಕೂತು ಪೋರ್ಟ್ ಹುಡುಕುವ ಗತಿ!
ಮೂರು, ಅಲ್ಲ. ನಾಲ್ಕು, ಅಲ್ಲ. ಡ್ರೈವರ್ ಇಲ್ಲವಂತೆ.
ಕೇಬಲ್ ಕಿತ್ತು ಮತ್ತೆ ಚುಚ್ಚಿದೆ. ಏಳು.
ಟೆಸ್ಟ್ ಒತ್ತಿದರೆ ಗುಂಡಿ ಕೆಂಪಾಗಿ
ರೇಡಿಯೋದ ಹೊಟ್ಟೆಯಲ್ಲಿ ರಿಲೇ ಟಕ್ ಅಂದಿತು.

ಸದ್ದಿನ ಮಟ್ಟ ಮೂವತ್ತಕ್ಕೆ ತಂದೆ,
ಚೂರು ಮೇಲೆ, ಚೂರು ಕೆಳಗೆ, ಸಾರಿಗೆ ಉಪ್ಪು ನೋಡಿದಂತೆ.
ಪರದೆಯಲ್ಲಿ ಜಲಪಾತವೆಂದು ಕರೆಯುವ ಪಟ್ಟಿ ಇದೆ.
ಅದರ ತುಂಬ ಹಳದಿ ಗದ್ದಲ, ಮೇಲಿಂದ ಕೆಳಗೆ ಒಂದೇ ಸಮ.
ನಮ್ಮ ಕಂಪ್ರೆಸರ್.
ಹಗಲೆಲ್ಲ ನಾನೇ ಎಣ್ಣೆ ಬಿಟ್ಟು ಸಾಕಿದ್ದು.

ರಾತ್ರಿಪಾಳಿಯ ಉಮಾಕಾಂತ ಹರಿಕಂತ್ರನಿಗೆ ಫೋನು ಮಾಡಿದೆ.
"ಎರಡು ನಿಮಿಷ ನಿಲ್ಲಿಸ್ತೀಯಾ?"
"ತಲೆ ಸಮ ಉಂಟಾ ನಿಂದು? ನಾಲ್ಕು ಟ್ರಾಲರ್ ಕಾಯ್ತಾ ಉಂಟು."
ಸರಿಯೇ. ಬಂಗಡೆ ಕಾಯುವುದಿಲ್ಲ.

ಒಂಬತ್ತೂ ಇಪ್ಪತ್ತಕ್ಕೆ ಕರೆಂಟು ಹೋಯಿತು.
ಜನರೇಟರ್ ಹತ್ತಲು ಏಳು ನಿಮಿಷ,
ಅದರ ಹ್ಯಾಂಡಲ್ಲಿನ ಹಟ ನನ್ನ ಅಂಗೈಗೆ ಗೊತ್ತು.
ರೇಡಿಯೋಗೆ ಮಿಂಗೇಲನ ದೋಣಿಯ ಬ್ಯಾಟರಿ ಇತ್ತು.
ಪರದೆ ಕಪ್ಪಾಯಿತು. ಕಪ್ಪಿನ ಮೇಲೆ
ತೆಳ್ಳಗೆ, ಬಲೆಯ ತೇಲುಗುಂಡಿನ ಸಾಲಿನಂತೆ,
ಗೀರು, ಗೀರು, ಮತ್ತೊಂದು ಗೀರು.
ಆದರೆ ಪಕ್ಕದಲ್ಲಿ ಅಕ್ಷರವೇ ಮೂಡುತ್ತಿಲ್ಲ.

ಗಡಿಯಾರ! ಮೂರು ಸೆಕೆಂಡು ಹಿಂದೆ.
ಹದಿನೈದು ಸೆಕೆಂಡಿಗೊಮ್ಮೆ ಹೊರಡುವ ಬಸ್ಸಿಗೆ
ಮೂರು ಸೆಕೆಂಡು ತಡವೆಂದರೆ ಬರೀ ಧೂಳು.
ಬ್ಯಾಟರಿಯ ಜೊತೆ ಮಿಂಗೇಲನ ಜಿಪಿಎಸ್ಸೂ ಬಂದಿತ್ತು,
ಮೀನಿನ ವಾಸನೆ ಹೋಗದ ಡಬ್ಬಿ.
ಅದರ ಸೊನ್ನೆಗೆ ನನ್ನ ಸೊನ್ನೆ ಕೂಡಿಸಿ ಬೆರಳೊತ್ತಿದೆ.

ದಡಬಡನೆ ಬಂದವು ಹೆಸರುಗಳು.
ಒಂದನ್ನು ಮುಟ್ಟಿದೆ, ಕಝಾಕಸ್ತಾನ, ಕಡಲೇ ಇಲ್ಲದ ಊರಿನವನು.
ನನ್ನ ಹೆಸರು ಹೋಯಿತು, ಚೌಕ ಹೋಯಿತು.
ಅವನೆಂದ: ಮೈನಸ್ ಇಪ್ಪತ್ತೆರಡು.
ಎಂದರೆ ನಾನು ಕೇಳಿಸಲಿಲ್ಲ, ಗದ್ದಲದ ತಳದಲ್ಲಿ
ಇದ್ದೇನೆಂದು ಲೆಕ್ಕ ಸಿಕ್ಕಿತು.
ನಲವತ್ಮೂರು ವರ್ಷಕ್ಕೆ ಇಷ್ಟು ಕರಾರುವಾಕ್ಕಾಗಿ
ಯಾರೂ ನನ್ನ ದನಿ ಅಳೆದಿರಲಿಲ್ಲ.

ಕೊನೆಗೆ ಆರ್‌ಆರ್ ಎಪ್ಪತ್ಮೂರು. ಮುಟ್ಟಿತು, ನಮಸ್ಕಾರ.
ನಕ್ಷೆಯಲ್ಲಿ ಹುಡುಕಿದರೆ ಅದೂ ಒಂದು ಚೌಕವೇ,
ಭೂಮಿಯ ನೆತ್ತಿಯ ಹತ್ತಿರ, ಹೆಪ್ಪುಗಟ್ಟಿದ ಸಮುದ್ರದಲ್ಲಿ.
ಅಲ್ಲಿ ಯಾರ ಮನೆಯೂ ಇಲ್ಲ,
ಹಾಗಾಗಿ ಬೀಳ್ಕೊಡಲು ಆ ಹೆಸರು ಬಳಸಬಹುದು.
ಅಷ್ಟೊಂದು ಐಸು. ಬಿಲ್ಲು ಬರೆಯುವವರಿಲ್ಲ.

ಜನರೇಟರ್ ಹತ್ತಿತು. ಹಳದಿ ಬಂದು ಎಲ್ಲ ಮುಚ್ಚಿತು.

ಕೆಳಗಿನಿಂದ ರೊಜಾಲಿನ್ ಬಾಯಿ:
"ಯಾರ ಹತ್ರ ಮಾತು ಇಷ್ಟೊತ್ತಿಗೆ? ಎಂತ ಹೇಳಿದ್ರು?"
"ಏನಿಲ್ಲ ಬಾಯಿ, ಸಿಕ್ಕಿತು ಅಂದೆ, ಸಿಕ್ಕಿತು ಅಂದ.
ಮತ್ತೆ ಆ ತಂತಿ ಮೇಲೆ ಟವೆಲು ಒಣಗಿಸಬೇಡಿ."