ಹದಿನಾಲ್ಕನೇ ಹಾಳಿ

ಮುನಸಿಪಾಲ್ಟಿ ರೆಕಾರ್ಡ್ ರೂಮಿನ್ಯಾಗ
ಹಳೇ ಹುಬ್ಬಳ್ಳಿ ನಕಾಶೆ, ಇಪ್ಪತ್ತೆರಡು ಹಾಳಿ.
ಎಣಿಸಿದರ ಇಪ್ಪತ್ತೊಂದು.
ಹದಿಮೂರರ ಅಂಚಿಗೆ ಬಂದು ನಿಂತ ದಾರಿಯೊಂದು
ಹದಿನೈದರಾಗ ಮತ್ತ ಹೊಂಟೈತಿ.
ನಡುವ ಎಲ್ಲಿ ಹೋಗಿತ್ತು,
ಯಾರ ಮನಿ ಕಟ್ಟೀಮ್ಯಾಲ ಕುಂತು
ಬೆವರು ಒರಸಿಕೊಂಡಿತ್ತು, ಹೇಳವರಿಲ್ಲ.

ರೆಕಾರ್ಡ್ ಕೀಪರ್ ಫಕ್ಕೀರೇಶ ಧೂಳ ಜಾಡಿಸಿದ:
"ಗೆದ್ದಲ ತಿಂದಿರಬೇಕ್ರಿ ಅಕ್ಕಾರ."
ನಾ ಹೂಂ ಅಂದೆ.
ಬಾಜೂಕ ನಿಂತಿದ್ದ ದಾವಲಸಾಬ
ಹೂಂ ಅನಲಿಲ್ಲ.
ಅವನ ಅಜ್ಜನ ಬಣ್ಣದ ತೊಟ್ಟಿ ಆ ಹಾಳ್ಯಾಗಿತ್ತಂತ.
ಜಾಗಾ ನಿಮ್ಮದ ಅನ್ನೋದಕ್ಕ ಏನ್ ಪುರಾವೆ
ಅಂತ ಕೋರ್ಟ್ ಕೇಳಿ ಒಂಬತ್ತು ವರ್ಷ.

ಗೆದ್ದಲ ಅಲ್ಲ. ನನಗ ಗೊತ್ತೈತಿ.

ನಮ್ಮಪ್ಪ ನಾಗೂಸಾ, ಟ್ರೇಸರ್.
ನಕಾಶೆ ಮ್ಯಾಲ ಗಂಜಿ ಹಾಕಿದ ತೆಳು ನೀಲಿ ಅರಿವಿ ಹಾಸಿ
ಉಸರ ಹಿಡದು ಗೆರಿ ಎಳೀತಿದ್ದ.
ಒಂದ ಹನಿ ಬೆವರು ಬಿದ್ದರ ಒಂದು ಓಣಿ ಕೆಡತಿತ್ತು,
ಎಪ್ರಿಲ್ ತಿಂಗಳದಾಗ ಹಣಿಗೆ ಟಾವೆಲ್ ಕಟ್ಟಿರತಿದ್ದ.
ಹೊಸಾ ಸರ್ವೆ ಬಂತು. ಹಳೇ ಅರಿವಿ ರದ್ದಿ.
ಒಯ್ಯೋ ಅಂದ್ರು ಸಾಹೇಬ್ರು,
ಒಂದ ಸುರುಳಿ ಬಗಲಾಗ ಇಟಗೊಂಡು ತಂದ.

ಅವ್ವ ಅಂಬೂಬಾಯಿ, ಮಗ್ಗದ ಮನೀ ಮಗಳು,
ಬೆರಳಿಲೆ ತಿಕ್ಕಿದಳು, ತುದಿ ನಾಲಿಗಿಗೆ ಹಚ್ಚಿದಳು:
"ಗಂಜಿ ಹೋದರ ಒಳಗ ಮಲಮಲ್ ಐತಿ."
ಅವತ್ತ ರಾತ್ರಿ ಹಂಡೇದಾಗ, ಬಿಸಿನೀರು ಅಂಟವಾಳದ ಕಾಯಿ ಜೋಡಿ
ನೆನೀತಿದ್ದವು ಆರುನೂರು ಮನಿ, ಮೂರು ಬಾವಿ,
ಹತ್ತಿ ಜಿನ್ನಿಗೆ ಹೊಳ್ಳುವ ಸಣ್ಣ ರೈಲಿನ ಹಳಿ,
ಟಾಂಗಾ ಕುದುರಿ ನೀರು ಕುಡಿಯೋ ಕಲ್ಲಿನ ದೋಣಿ,
ದಾವಲಸಾಬನ ಅಜ್ಜನ ತೊಟ್ಟಿ.
ಮುಂಜಾನೆದ್ದು ಮೋರಿಗೆ ಚೆಲ್ಲಿದಳು.
ನೀರು ಜರಾ ಕರ್ರಗಿತ್ತಂತ.

ನಾ ಹುಟ್ಟಿದ ಹನ್ನೊಂದನೇ ದಿನಕ್ಕ ಅಂಗಿ ತಯಾರು.
ಅಷ್ಟು ಮೆತ್ತನ್ನ ಅಂಗಿ
ಸಾಹೇಬರ ಕೂಸಿಗೂ ಇರಲಿಲ್ಲ ಅಂತಿದ್ದಳು ಅವ್ವ,
ಸಾಯೋತನಕ ಅಂತಿದ್ದಳು.
ಶಾಯಿ ಪೂರ್ತಿ ಬಿಟ್ಟಿರಲಿಲ್ಲ.
ಎಡಗಡೆ ಕಂಕಳ ಕೆಳಗ "ನೀಲಗಾರ ಓ",
ಎದೀ ಮ್ಯಾಲ ಅರ್ಧ ಕೆರಿ.
ಕೆರೀನ ಜೊಲ್ಲ ಸುರಿಸಿ ನಾನ ಮಸಕ ಮಾಡಿದೆ.

ಉಳಿದರ್ಧ, ಖರೇ ಕೆರಿ,
ಮುರುಮು ಕಲ್ಲು ಹಾಕಿ ಮುಚ್ಚಿದರು ಆಮ್ಯಾಲ.
ಈಗಲ್ಲಿ ಲಗ್ನದ ಹಾಲ್.
ಮಿರಗದ ಮಳಿ ಬಿದ್ದರ ಅಡಗೀ ಮನಿಯೊಳಗ
ಕಪ್ಪಿ ಬರತಾವ, ಅಡಗಿಯವರು ಕಸಬರಿಗಿ ಹಿಡದು ಬೈತಾರ.
ನೀಲಗಾರ ಓಣಿ ಎಲ್ಲಿ ಅಂತ ಕೇಳಿದರ
ಆಟೋದವ "ಲ್ಯಾಂಡ್‌ಮಾರ್ಕ್ ಹೇಳ್ರಿ" ಅಂತಾನ.

ಹದಿಮೂರನೇ ಹಾಳ್ಯಾಗ ಇನ್ನೊಂದೈತಿ:
ಸ್ಟೇಶನ್ನಿಂದ ಧಾರವಾಡದ ದಿಕ್ಕಿಗೆ ಕೆಂಪು ಚುಕ್ಕಿ ಸಾಲು,
ಸಣ್ಣಕ್ಷರದಾಗ "ಟ್ರಾಮ್, ಯೋಜಿತ".
ಹಳಿ ಬೀಳಲಿಲ್ಲ, ಗಂಟಿ ಬಾರಿಸಲಿಲ್ಲ,
ಅಡ್ಡ ಬಂದ ಎಮ್ಮಿಗೆ ಯಾರೂ ಬೈಯಲಿಲ್ಲ.
ಬರಲಾರದ ಟ್ರಾಮ್ ಹಂಗ ಕುಂತೈತಿ, ಒಂದ ಚುಕ್ಕಿ ಅಳಿಸಿಲ್ಲ.
ಇದ್ದ ತೊಟ್ಟಿಗೆ ಪುರಾವೆ ಇಲ್ಲ.

ಫಕ್ಕೀರೇಶ ರಜಿಸ್ಟರ್ ತಿರುವಿ
"ಹದಿನಾಲ್ಕು: ಕಾಣೆ" ಅಂತ ಬರದ.
ಷರಾ ಕಾಲಮ್ಮಿನ್ಯಾಗ ಪೆನ್ನು ಹಿಡದು ತಡದ.
"ಗೆದ್ದಲ ಅಂತ ಬರೀಲೇನ್ರಿ?"
ದಾವಲಸಾಬ ಚಪ್ಪಲಿ ಹುಡಕಾಕ ಹತ್ತಿದ್ದ,
ನನ್ನ ಕಡೆ ನೋಡಲಿಲ್ಲ.

ಮನಿಗೆ ಬಂದು ಟ್ರಂಕ್ ತಗದೆ.
ನೆಫ್ತಲೀನ್ ಗುಳಿಗಿ, ಅವ್ವನ ಇರಕಲ್ ಸೀರಿ, ಅದರ ಮಡಿಕ್ಯಾಗ
ಚೋಟುದ್ದದ ಅಂಗಿ.
ಟ್ಯೂಬ್‌ಲೈಟಿಗೆ ಹಿಡದೆ.
ಶಾಯಿ ಹೋಗೇತಿ, ನಿಬ್ಬು ಕೊರದ ಗಾಯ ಹೋಗಿಲ್ಲ:
ಎಳಿಗಳ ನಡುವ ಸಣ್ಣ ಸಣ್ಣ ಚೌಕ,
ಅವುಗಳಾಗ ಒಂದು, ಓಣಿ ತುದೀಗೆ,
ಮನಿ ಅಲ್ಲ. ತೊಟ್ಟಿ ಇದ್ದರೂ ಇರಬಹುದು.
ಕೋರ್ಟ್ ನಗಬಹುದು.

ಮರುದಿನ ಮುಂಜಾನೆ ಚಿಗರಿ ಬಸ್ಸು.
ದಾವಲಸಾಬ ಕಿಡಕಿ ಕಡೆ, ನಾ ಅವನ ಬಾಜೂಕ,
ಇನ್ನೂ ಅವಗ ಹೇಳಿಲ್ಲ.
ನವಲೂರು ದಾಟಿತು.
ಮಡಲಾಗ ಹದಿನಾಲ್ಕನೇ ಹಾಳಿ,
ಕಸಿ ಕಟ್ಟಿದ್ದು.