ಮಬ್ಬಿಗೆ ಖಾನೆ ಇಲ್ಲ

ಕರಜಗಿ ಹಾದಿ, ಮೂರನೇ ಹೊಲ.
ತೊಗರಿ ಎದಿಮಟ್ಟ. ನಡುವ ಒಂದು ಗಳ,
ಗಳಕ್ಕ ಹಸಿರು ಬುಟ್ಟಿ, ಬುಟ್ಟಿಗೆ ಪ್ಲಾಸ್ಟಿಕ್ ಚೀಲದ ಬಾಲ.
ಒಳಗ ತೂಗಬಿಟ್ಟ ರಬ್ಬರ್ ಗುಂಡಿಗೆ
ಹೆಣ್ಣು ಪತಂಗದ ವಾಸನಿ ಅದ ಅಂತಾರ.
ನನ್ನ ಮೂಗಿಗೆ ಬರೇ ಸೈಕಲ್ ಟ್ಯೂಬು.

ಮುಂಜಾನೆ ಏಳಕ್ಕ ಬಾಲ ಬಿಚ್ಚಿ ಎಣಿಸತೀನಿ.
ಫಾರ್ಮು ಮರಾಠಿ. ನಾ ಕಲಿತದ್ದು ಕನ್ನಡ ಸಾಲಿ.
'ಕಿಮಾನ' ಅಂದ್ರ ಕಡಿಮಿ ಶಾಖ,
'ಕಮಾಲ' ಅಂದ್ರ ಹೆಚ್ಚಿಗಿಂದು.
ನಮ್ಮ ಬಾಯಾಗ ಕಮಾಲ್ ಅಂದ್ರ ಸೋಜಿಗ.
ದಿನಕ್ಕೊಂದು ಸೋಜಿಗ ಬರಿ ಅಂದಾರ,
ಬರೀತೀನಿ: ಮೂವತ್ತು. ಇಪ್ಪತ್ತೊಂಬತ್ತೂವರಿ.

ಕೋಶ ಮಣ್ಣಾಗ ಮಲಗಿರತದ, ನಾಕ ಬೆರಳ ಆಳ,
ಖಾರೀಕ ಬೀಜದಷ್ಟು, ಅದೇ ಬಣ್ಣ.
ನಮ್ಮ ಓಣಿ ಹೆಂಗಸರ ಭಿಶಿ ಇದ್ದಂಗ ಅದರ ಲೆಕ್ಕ:
ದಿನಾ ಒಂದಿಷ್ಟು ಶಾಖ ಜಮಾ,
ಥಂಡಿ ಬಿದ್ದ ದಿನ ಜಮಾ ಇಲ್ಲ, ದಂಡಾನೂ ಇಲ್ಲ.
ಗಂಟು ತುಂಬಿದ ರಾತ್ರಿ ಬೆನ್ನು ಸೀಳಿ ಏಳತದ,
ಹಸಿ ರೆಕ್ಕಿ ತೊಗರಿ ಕಡ್ಡಿಗೆ ಒಣಾಕ ಹಾಕತದ.

ಸೋಮವಾರ ಎರಡು. ಮಂಗಳವಾರ ಮೂರು.
ಬುಧವಾರ ಮೂಡಗಾಳಿ ಬಿಟ್ಟಿತ್ತು: ಒಂದು, ಅದರದೂ ರೆಕ್ಕಿ ಹರಿದಿತ್ತು.
ಆಮ್ಯಾಲ ಸಮುದ್ರದಾಗ ಎಲ್ಲೋ ಏನೋ ತಿರುಗಿತಂತ,
ಮದ್ರಾಸ ಮಂದಿಗೆ ಮಳಿ, ನಮ್ಮ ಪಾಲಿಗೆ ಮಬ್ಬು.
ಹನಿ ಇಲ್ಲ, ಬಿಸಿಲಿಲ್ಲ,
ಆಕಾಶ ತೊಳೀಲಾರದ ಹಾಲಿನ ಗಡಗಿ.
ಕುಸುಬಿ ಎಲಿ ಹತ್ತರ ತನಕ ಆರಲಿಲ್ಲ.
ರಾತ್ರಿ ಕೌದಿ ಒದ್ದು ಮಲಗಿದೆ, ಮಾರ್ಗಶಿರದಾಗ!

ಫಾರ್ಮಿನಾಗ ಮಬ್ಬಿಗೆ ಖಾನೆ ಇಲ್ಲ.
'ಶೇರಾ' ಅಂತ ಕಡೀಕ ಬೆರಳಗಲ ಜಾಗ,
ಅಲ್ಲಿ ಸಾಹೇಬರ ಸಹಿ ಬೀಳತದ.

ಬಂಗಾರೆವ್ವ ಬಾಂದಿನ ಮ್ಯಾಲ ನಿಂತು ಊರಿನ ಒಲಿಹೊಗಿ ನೋಡಿದಳು.
ಅದು ಮ್ಯಾಕೇಳದ
ತಗಡಿನ ಮ್ಯಾಲ ಎಮ್ಮಿ ಹಂಗ ಕುಂತಿತ್ತು.
"ಇವತ್ತ ರಾತ್ರಿ ಏಳತಾವ," ಅಂದಳು,
ಬೀಗರು ಬರೂ ಸುದ್ದಿ ಹೇಳಿದಂಗ.

ಮುಂಜಾನೆ ಚೀಲ ಜಗ್ಗಿತ್ತು.
ಮೂವತ್ತೇಳು. ಮತ್ತ ಎಣಿಸಿದೆ. ಮೂವತ್ತೆಂಟು.
ಒಂದು ಹೆಬ್ಬೆರಳಿಗೆ ಅಂಟಿತ್ತು,
ಜ್ವಾಳದ ಹಿಟ್ಟಿನಂಥ ಧೂಳಿ ಬಿಟ್ಟು.
ಎಲ್ಲಾ ಗಂಡು.
ವಾಸನಿಗೆ ಮೋಸ ಹೋದವು ನನ್ನ ಲೆಕ್ಕಕ್ಕ ಬಂದವು.
ಹೆಣ್ಣು ಹಳದಿ ಹೂವಿನಾಗ ಕುಂತು ಕೆಲಸ ಮುಗಿಸಿತ್ತು,
ಗಸಗಸಿಯಷ್ಟು, ಬಿಳಿ, ಒಂದೊಂದೇ.

ಮಲಕಾರಿಗೆ ಫೋನ್ ಹಚ್ಚಿದೆ. ತಾಲೂಕಿಗೆ ಕಳಸತೀನಿ ಅಂದ.
ತಾಲೂಕಿನಿಂದ ಜಿಲ್ಲಾ, ಜಿಲ್ಲಾದಿಂದ ಮೆಸೇಜು,
ಹನ್ನೊಂದು ದಿನಕ್ಕ ಬಂತು:
ಢಗಾಳ ಹವಾಮಾನ, ಕಾಳಜಿ ಘ್ಯಾವಿ.

ಅಷ್ಟೊತ್ತಿಗೆ ಬಂಗಾರೆವ್ವನ ಹೊಲದಾಗ
ಇಬ್ಬರು ತಾಡಪತ್ರಿ ಹಿಡಿದು, ಒಬ್ಬಾಕಿ ಗಿಡ ಜಾಡಿಸಿ,
ಸಾಲಿಗೆ ಸಾಲು, ತಟತಟ ಹಸಿರು ಹುಳ,
ಹಿಂದ ಕೋಳಿ, ಕೋಳಿ ಹಿಂದ ಹುಡುಗರು.
ನಂದೂ ನಾಕು ಸಾಲು. ಅದು ಪಗಾರದಾಗ ಬರೂದಿಲ್ಲ.

ಇವತ್ತು ಬಿಸಿಲು ಬಿದ್ದದ. ಚೀಲ ಖಾಲಿ.
ಸೊನ್ನಿ ಬರದೆ. ಸಹಿ ಬೀಳೂಕಿಂತ ಮದಲ ಶೇರಾದಾಗ
ಸಣ್ಣಗ ಕನ್ನಡದಾಗ ಗೀಚಿದೆ: ಮಬ್ಬು, ಮೂರು ದಿನ.
ಮಲಕಾರಿ ಫಾರ್ಮು ತಿರುಗಿಸಿ ನೋಡಿದ,
"ಇದೇನವ್ವಾ?"
ಸುಮ್ಮನಿದ್ದೆ. ನಮ್ಮ ಓಣಿಯಂವನೇ,
ಓದಾಕ ಬರತದ ಅವಗ.